ಬಿಟ್ಟಿ ಚಿತ್ರಕಥೆಗೆ ಮುಯ್ಯಿ ಹಾಕಿದ ಓದುಗರು

ಅಮೆರಿಕದ ರಿಚ್ ಬರ್ಲ್ಯೂ ಬಿಡಿಸುವ ಮನುಷ್ಯರಿಗೆ ಕೈಕಾಲು ಅಂದರೆ ಬರೀ ಗೀಟು, ತಲೆ ಒಂದು ದುಂಡು. ಶಾಲೆ ಗೋಡೆ ಮೇಲೆ ಮಕ್ಕಳು ಇದ್ದಿಲಿನಲ್ಲಿ ಗೀಚುತ್ತಾರಲ್ಲ, ಹೆಚ್ಚುಕಮ್ಮಿ ಹಾಗೆಯೇ. ಈ ಕಡ್ಡಿಗೊಂಬೆಗಳ ಸಾಹಸದ ಕಥೆಯನ್ನು ಅವರು 2003ರಿಂದ ಅಂತರ್ಜಾಲದಲ್ಲಿ ಕಂತು ಕಂತಾಗಿ ಹಾಕುತ್ತಾ ಬಂದರು. ಹೆಸರು ‘ದಿ ಆರ್ಡರ್ ಆಫ್ ದಿ ಸ್ಟಿಕ್’. ಯಾರು ಬೇಕಾದರೂ ಓದಬಹುದು, ಒಂದು ಪೈಸೆಯೂ ಕೊಡಬೇಕಿಲ್ಲ.

2012ರ ಜನವರಿಯಲ್ಲಿ ಅವರು ಓದುಗರಿಗೆ ಒಂದು ಸುದ್ದಿ ಹೇಳಿದರು. ತಾವೇ ಅಚ್ಚು ಹಾಕಿಸಿದ್ದ ಹಳೆಯ ಕಂತುಗಳ ಪುಸ್ತಕಗಳಲ್ಲಿ ಒಂದು ಮುಗಿದುಹೋಗಿದೆ, ಮತ್ತೆ ಅಚ್ಚು ಹಾಕಿಸಲು 57,750 ಡಾಲರ್ ಬೇಕು, ಬೇಕಾದವರು ಮೊದಲೇ ದುಡ್ಡು ಕೊಟ್ಟು ಹೆಸರು ಬರೆಸಿ ಎಂದರು. ಒಂದು ತಿಂಗಳ ಗಡುವು. ಗಡುವು ಮುಗಿದಾಗ 14,952 ಜನ ಹೆಸರು ಬರೆಸಿದ್ದರು. ಕೂಡಿಬಂದ ಹಣ 12,54,120 ಡಾಲರ್. ಅಂದಿನ ಲೆಕ್ಕದಲ್ಲಿ ಸುಮಾರು 6 ಕೋಟಿ ರೂಪಾಯಿ. ಕೇಳಿದ್ದಕ್ಕಿಂತ 21 ಪಟ್ಟು ಹೆಚ್ಚು.

ಬಿಟ್ಟಿಯಾಗಿ ಓದಲು ಸಿಗುವ ಕಥೆಗೆ ಇಷ್ಟು ಜನ ದುಡ್ಡು ಯಾಕೆ ಕೊಟ್ಟರು?

ಇದಕ್ಕೆ ದೇಣಿಗೆ ಎಂಬ ಹೆಸರು ಹೊಂದುವುದಿಲ್ಲ. ನಮ್ಮ ಮದುವೆ ಮನೆಗಳ ಮುಯ್ಯಿ ನೆನಪಿಸಿಕೊಳ್ಳಿ. ಕೊಟ್ಟವರ ಹೆಸರು, ಮೊತ್ತ ಎರಡೂ ಪುಸ್ತಕದಲ್ಲಿ ಬರೆದಿಡುತ್ತಾರೆ. ಅವರ ಮನೆಯಲ್ಲಿ ಕಾರ್ಯ ಬಂದಾಗ ಹಿಂತಿರುಗಿಸಬೇಕು. ಮುಯ್ಯಿ ತೆಗೆದುಕೊಂಡು ಆಮೇಲೆ ಮುಖ ತಿರುಗಿಸಿ ಹೋದವನನ್ನು ಊರು ಮರೆಯುವುದಿಲ್ಲ. ವೆಬ್‌ಕಾಮಿಕ್ ಎಂಬ ಅಂತರ್ಜಾಲದ ಚಿತ್ರಕಥೆಯ ಇತಿಹಾಸ ಓದುತ್ತಾ ಹೋದಂತೆ ನಮಗೆ ಕಂಡದ್ದು ಇದೇ ತರದ ಲೆಕ್ಕ. ಚಿತ್ರಕಾರರು ಚಿತ್ರದ ಕೆಳಗೆ ಬರೆಯುವ ಸುದ್ದಿ, ಸಲ್ಲಿಸುವ ಕೃತಜ್ಞತೆ, ಕೇಳುವ ಕ್ಷಮೆ ಎಲ್ಲವೂ ಆ ಮುಯ್ಯಿ ಪುಸ್ತಕದ ಸಾಲುಗಳು.

ಆ ಪುಸ್ತಕ ಹೇಗೆ ಶುರುವಾಯಿತು ಅನ್ನುವುದನ್ನು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಡುವೆ ಒಬ್ಬ ದಲ್ಲಾಳಿ

ಅಮೆರಿಕದಲ್ಲಿ ಚಿತ್ರಕಥೆ ಬೆಳೆದದ್ದು ಪತ್ರಿಕೆಗಳಲ್ಲಿ. 1895ರಲ್ಲಿ ಜೋಸೆಫ್ ಪುಲಿಟ್ಜರ್ ಅವರ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ರಿಚರ್ಡ್ ಔಟ್‌ಕಾಲ್ಟ್ ಬಿಡಿಸಿದ, ಹಳದಿ ಅಂಗಿ ತೊಟ್ಟ ಹುಡುಗ ಎಷ್ಟು ಹೆಸರು ಮಾಡಿದನೆಂದರೆ, ಮರುವರ್ಷವೇ ಎದುರಾಳಿ ಪತ್ರಿಕೆಯ ಹರ್ಸ್ಟ್ ಹೆಚ್ಚು ದುಡ್ಡು ಕೊಟ್ಟು ಔಟ್‌ಕಾಲ್ಟ್ ಅವರನ್ನು ತಮ್ಮ ಕಡೆ ಸೆಳೆದುಕೊಂಡರು. ಚಿತ್ರಕಥೆ ಇದ್ದರೆ ಪತ್ರಿಕೆ ಹೆಚ್ಚು ಮಾರಾಟವಾಗುತ್ತದೆ ಎಂದು ಮಾಲೀಕರಿಗೆ ಗೊತ್ತಾಯಿತು.

ಮುಂದೆ ಸಿಂಡಿಕೇಟ್ ಎಂಬ ಕಂಪನಿಗಳು ಬಂದವು. ಎಪಿಎಂಸಿಯ ದಲ್ಲಾಳಿ ಗೊತ್ತಲ್ಲ, ಇದೂ ಹಾಗೆಯೇ. ಚಿತ್ರಕಾರ ಒಂದು ಚಿತ್ರ ಬರೆದು ಸಿಂಡಿಕೇಟಿಗೆ ಕೊಡಬೇಕು. ಸಿಂಡಿಕೇಟ್ ಅದನ್ನು ನೂರಾರು ಪತ್ರಿಕೆಗಳಿಗೆ ಮಾರುತ್ತದೆ. ಬಂದ ಹಣದಲ್ಲಿ ಸಾಮಾನ್ಯವಾಗಿ ಅರ್ಧ ಅವರಿಗೆ, ಅರ್ಧ ಚಿತ್ರಕಾರನಿಗೆ. ಬಹಳ ಸಲ ಪಾತ್ರಗಳ ಹಕ್ಕೂ ಕಂಪನಿಯ ಕೈಯಲ್ಲೇ ಉಳಿಯುತ್ತಿತ್ತು. ಕಾಮಿಕ್ ಪುಸ್ತಕಗಳ ಕಡೆ ಸ್ಥಿತಿ ಇನ್ನೂ ಕೆಟ್ಟದಾಗಿತ್ತು. ಸೂಪರ್‌ಮ್ಯಾನ್ ಪಾತ್ರವನ್ನು ಹುಟ್ಟುಹಾಕಿದ ಜೆರ್ರಿ ಸೀಗಲ್ ಮತ್ತು ಜೋ ಶಸ್ಟರ್ ಎಂಬ ಇಬ್ಬರು ಯುವಕರು 1938ರಲ್ಲಿ ಅದರ ಹಕ್ಕನ್ನು ಮಾರಿದ್ದು ಬರೀ 130 ಡಾಲರಿಗೆ.

ಒಳ್ಳೆಯ ಸಂಪಾದನೆ ಮಾಡಿದವರು ಇರಲಿಲ್ಲವೆಂದಲ್ಲ. ಚಾರ್ಲ್ಸ್ ಶುಲ್ಜ್ ಅವರ ‘ಪೀನಟ್ಸ್’ 1950ರ ಅಕ್ಟೋಬರ್ 2ರಂದು 7 ಪತ್ರಿಕೆಗಳಲ್ಲಿ ಶುರುವಾಗಿ, ಕೊನೆಗೆ 75 ದೇಶಗಳ 2,600 ಪತ್ರಿಕೆಗಳಲ್ಲಿ ಬರುತ್ತಿತ್ತು. ಅವರು ಬರೆದ ಕಂತುಗಳು 17,897. ಕ್ಯಾನ್ಸರ್ ಆದಾಗ 1999ರ ಡಿಸೆಂಬರಿನಲ್ಲಿ ನಿವೃತ್ತಿ ಪ್ರಕಟಿಸಿದರು. ಕೊನೆಯ ಭಾನುವಾರದ ಕಂತು ಓದುಗರಿಗೆ ಬರೆದ ಬೀಳ್ಕೊಡುಗೆ ಪತ್ರವಾಗಿತ್ತು. ಅದು ಅಚ್ಚಾಗಿ ಮನೆಮನೆ ತಲುಪಿದ್ದು 2000ದ ಫೆಬ್ರುವರಿ 13ರ ಬೆಳಿಗ್ಗೆ. ಶುಲ್ಜ್ ಹಿಂದಿನ ರಾತ್ರಿಯೇ ತೀರಿಕೊಂಡಿದ್ದರು.

50 ವರ್ಷ ಪ್ರತಿದಿನ ಮನೆಗೆ ಬರುತ್ತಿದ್ದ ಮನುಷ್ಯ ತನ್ನ ಓದುಗರಿಗೆ ನೇರವಾಗಿ ಪತ್ರ ಬರೆದದ್ದು ಹೋಗುವಾಗ. ಅಷ್ಟು ದಿನ ಅವರ ಮತ್ತು ಓದುಗರ ನಡುವೆ ಸಿಂಡಿಕೇಟ್ ಇತ್ತು, ಸಂಪಾದಕರಿದ್ದರು. ‘ಕ್ಯಾಲ್ವಿನ್ ಅಂಡ್ ಹಾಬ್ಸ್’ ಬರೆದ ಬಿಲ್ ವಾಟರ್ಸನ್ ಕಥೆಯೂ ಇದೇ. ತನ್ನ ಹುಡುಗ ಮತ್ತು ಹುಲಿಯನ್ನು ಗೊಂಬೆ, ಲೋಟ, ಅಂಗಿಗಳ ಮೇಲೆ ಮಾರಬಾರದೆಂದು ಅವರು ಸಿಂಡಿಕೇಟಿನ ಜೊತೆ ವರ್ಷಗಟ್ಟಲೆ ಜಗಳವಾಡಿ ಗೆದ್ದರು. 1995ರ ಡಿಸೆಂಬರ್ 31ಕ್ಕೆ ಚಿತ್ರಕಥೆಯನ್ನೇ ನಿಲ್ಲಿಸಿದರು. ನಿಲ್ಲಿಸುವ ವಿಷಯದ ಪತ್ರ ಬರೆದದ್ದು ಪತ್ರಿಕೆಗಳ ಸಂಪಾದಕರಿಗೆ. ಓದುಗರಿಗೆ ಸುದ್ದಿ ಮುಟ್ಟಿದ್ದು ಅವರ ಮೂಲಕ.

ಬೇಲಿ ಹೋಯಿತು, ಖರ್ಚು ಬಂತು

ಅಷ್ಟರಲ್ಲಿ ಅಂತರ್ಜಾಲ ಬಂದಿತ್ತು. 1993ರ ಸೆಪ್ಟೆಂಬರಿನಲ್ಲಿ ಡೇವಿಡ್ ಫಾರ್ಲಿ ಎಂಬುವರು ‘ಡಾಕ್ಟರ್ ಫನ್’ ಎಂಬ ವ್ಯಂಗ್ಯಚಿತ್ರ ಮಾಲೆಯನ್ನು ಅಲ್ಲಿ ಹಾಕತೊಡಗಿದರು. ವೆಬ್‌ನ ಮೊದಮೊದಲ ಕಾಮಿಕ್‌ಗಳಲ್ಲಿ ಅದೂ ಒಂದು. 1995ರಲ್ಲಿ ಬಿಲ್ ಹಾಲ್‌ಬ್ರೂಕ್ ಅವರ ‘ಕೆವಿನ್ ಅಂಡ್ ಕೆಲ್’, 1997ರಲ್ಲಿ ಪೀಟ್ ಅಬ್ರಾಮ್ಸ್ ಅವರ ‘ಸ್ಲಗ್ಗಿ ಫ್ರೀಲ್ಯಾನ್ಸ್’, 1998ರಲ್ಲಿ ಜೆರ್ರಿ ಹೋಲ್ಕಿನ್ಸ್ ಮತ್ತು ಮೈಕ್ ಕ್ರಾಹುಲಿಕ್ ಜೋಡಿಯ ‘ಪೆನ್ನಿ ಆರ್ಕೇಡ್’ ಬಂದವು.

ಇವರು ಯಾವ ಸಂಪಾದಕರ ಒಪ್ಪಿಗೆಗೂ ಕಾಯಬೇಕಿರಲಿಲ್ಲ. ಪತ್ರಿಕೆಗೆ ಹೊಂದದ ವಿಷಯಗಳು, ಅಂದರೆ ಕಂಪ್ಯೂಟರ್ ರಿಪೇರಿ ಮಾಡುವವರ ಗೋಳು, ವಿಡಿಯೊ ಗೇಮ್ ಆಡುವವರ ಹರಟೆ, ಗಣಿತದ ತಮಾಷೆ ಎಲ್ಲವೂ ಚಿತ್ರಕಥೆಯಾದವು. ಒಂದು ಊರಿನಲ್ಲಿ ಅಂಥ ಓದುಗರು ಇಬ್ಬರು ಇರಬಹುದು. ಲೋಕದ ತುಂಬ ಹುಡುಕಿದರೆ ಲಕ್ಷ ಜನ ಸಿಗುತ್ತಾರೆ.

ಆದರೆ ಇಲ್ಲೊಂದು ವಿಚಿತ್ರ ತೊಡಕಿತ್ತು. ಪತ್ರಿಕೆಗೆ ಓದುಗರು ಹೆಚ್ಚಾದರೆ ಆದಾಯ ಹೆಚ್ಚು. ವೆಬ್‌ಕಾಮಿಕ್‌ಗೆ ಓದುಗರು ಹೆಚ್ಚಾದರೆ ಖರ್ಚು ಹೆಚ್ಚು. ಪ್ರತಿಯೊಬ್ಬರೂ ಚಿತ್ರ ತೆರೆದಾಗ ಸರ್ವರಿನಿಂದ ಅಷ್ಟು ಡೇಟಾ ಹೋಗುತ್ತದೆ, ಅದರ ಬಿಲ್ಲು ಚಿತ್ರಕಾರನ ಹೆಸರಿಗೆ ಬರುತ್ತದೆ. ಊಟ ಚೆನ್ನಾಗಿದೆ ಎಂದು ಹೆಚ್ಚು ಜನ ಬಂದಷ್ಟೂ ಅನ್ನ ಹಾಕುವವನ ಕೈ ಬರಿದಾಗುವ ಸ್ಥಿತಿ. ಕೆಲವು ಕಾಲ ಜಾಹೀರಾತು ಕೈ ಹಿಡಿಯಿತು. 2000ದ ಆಸುಪಾಸು ಅಂತರ್ಜಾಲ ಕಂಪನಿಗಳು ಸಾಲಾಗಿ ಮುಳುಗಿದಾಗ ಆ ಹಣವೂ ಬತ್ತಿತು.

ಉಳಿದದ್ದು ಓದುಗರು. ಅವರು ಅಭಿಮಾನದಿಂದ ಬರುತ್ತಿದ್ದರು, ಆದರೆ ದುಡ್ಡು ಕೊಟ್ಟು ಅಭ್ಯಾಸ ಇರಲಿಲ್ಲ.

ಚಿತ್ರದ ಕೆಳಗಿನ ನಾಲ್ಕು ಸಾಲು

ಈ ಹೊತ್ತಿಗೆ ವೆಬ್‌ಕಾಮಿಕ್ ಪುಟಗಳಲ್ಲಿ ಒಂದು ಪದ್ಧತಿ ಬೆಳೆದಿತ್ತು. ಮೇಲೆ ಚಿತ್ರ, ಕೆಳಗೆ ಚಿತ್ರಕಾರ ಬರೆದ ನಾಲ್ಕು ಸಾಲು ಸುದ್ದಿ. ಮುಂದಿನ ಕಂತು ಯಾವಾಗ, ಈ ವಾರ ಯಾಕೆ ತಡ, ಮಗು ಹುಟ್ಟಿತು, ಮನೆ ಬದಲಾಯಿಸಿದೆವು, ಹೊಸ ಅಂಗಿ ಮಾರಾಟಕ್ಕಿದೆ, ಪತ್ರ ಬರೆದವರ ಉಪಕಾರ ಮರೆಯುವುದಿಲ್ಲ. ‘ಪೆನ್ನಿ ಆರ್ಕೇಡ್’ನಲ್ಲಿ ಕ್ರಾಹುಲಿಕ್ ಚಿತ್ರ ಬರೆದರೆ ಹೋಲ್ಕಿನ್ಸ್ ಪ್ರತಿ ಕಂತಿನ ಜೊತೆಗೂ ಒಂದು ಬರಹ ಬರೆಯುತ್ತಿದ್ದರು. ಚಿತ್ರಕ್ಕೆಂದು ಬಂದವರು ಬರಹಕ್ಕೂ ಕಾಯತೊಡಗಿದರು.

ಇದರ ಶಕ್ತಿ ಎಷ್ಟೆಂದು 2003ರಲ್ಲಿ ಗೊತ್ತಾಯಿತು. ಆ ವರ್ಷದ ಕೊನೆಗೆ ಇಬ್ಬರೂ ಓದುಗರನ್ನು ಒಂದು ಮಾತು ಕೇಳಿದರು. ಸಿಯಾಟಲ್ ನಗರದ ಮಕ್ಕಳ ಆಸ್ಪತ್ರೆಯಲ್ಲಿ ಮಲಗಿರುವ ಮಕ್ಕಳಿಗೆ ಆಟಿಕೆ ಕಳುಹಿಸುತ್ತೀರಾ? ಆಟಿಕೆ ಮತ್ತು ನಗದು ಸೇರಿ ಎರಡೂವರೆ ಲಕ್ಷ ಡಾಲರಿಗೂ ಹೆಚ್ಚು ಬಂತು. ‘ಚೈಲ್ಡ್ಸ್ ಪ್ಲೇ’ ಎಂಬ ಹೆಸರಿನ ಆ ಕೆಲಸ ಆಮೇಲೆ ಸಂಸ್ಥೆಯಾಗಿ ಬೆಳೆಯಿತು. ನೋಡದ ಊರಿನ, ನೋಡದ ಮಕ್ಕಳಿಗೆ ಜನ ಪಾರ್ಸೆಲ್ ಕಳುಹಿಸಿದ್ದು ಆ ನಾಲ್ಕು ಸಾಲಿನ ಮೇಲಿನ ನಂಬಿಕೆಯಿಂದ.

2004ರ ಇನ್ನೊಂದು ಪ್ರಸಂಗ ತಮಾಷೆಯದು. ‘ಸಮ್‌ಥಿಂಗ್ ಪಾಸಿಟಿವ್’ ಎಂಬ ಕಾಮಿಕ್ ಬರೆಯುತ್ತಿದ್ದ ಆರ್.ಕೆ. ಮಿಲ್‌ಹಾಲೆಂಡ್ ಬೇರೆ ಕಡೆ ನೌಕರಿ ಮಾಡುತ್ತಿದ್ದರು. ಬಿಡುವಾದಾಗ ಚಿತ್ರ. ಕಂತು ತಡವಾಯಿತೆಂದು ಓದುಗರು ಗೊಣಗಿದಾಗ ಅವರಿಗೆ ರೇಗಿತು. ನನ್ನ ಒಂದು ವರ್ಷದ ಸಂಬಳದಷ್ಟು ಹಣ ನೀವೇ ಕೊಡಿ, ನೌಕರಿ ಬಿಟ್ಟು ಇದನ್ನೇ ಮಾಡುತ್ತೇನೆ ಎಂದು ಸವಾಲು ಹಾಕಿದರು. ಜನ ಬಾಯಿ ಮುಚ್ಚಿಕೊಳ್ಳಲಿ ಎಂದು ಹೇಳಿದ ಮಾತು ಅದು. ಜನ ದುಡ್ಡನ್ನೇ ಕೂಡಿಸಿಬಿಟ್ಟರು. ಮಾತಿಗೆ ಕಟ್ಟುಬಿದ್ದ ಮಿಲ್‌ಹಾಲೆಂಡ್ ನೌಕರಿ ಬಿಟ್ಟರು.

ಅದೇ ವರ್ಷ ಹೋವರ್ಡ್ ಟೇಲರ್ ಕೂಡ ಸಾಫ್ಟ್‌ವೇರ್ ಕಂಪನಿಯ ಕೆಲಸ ಬಿಟ್ಟು ‘ಶ್ಲಾಕ್ ಮರ್ಸಿನರಿ’ ಎಂಬ ತಮ್ಮ ಕಥೆಗೇ ನಿಂತರು. 2000ದ ಜೂನ್ 12ಕ್ಕೆ ಶುರುವಾದ ಆ ಕಥೆ 2020ರ ಜುಲೈ 24ಕ್ಕೆ ಮುಗಿಯಿತು. 20 ವರ್ಷದಲ್ಲಿ ಒಂದು ದಿನವೂ ತಪ್ಪಲಿಲ್ಲ. ಹಾಲಿನ ಡೈರಿಗೆ ಹಾಲು ಹಾಕುವವರಿಗೆ ಈ ಸಾಧನೆಯ ತೂಕ ಬೇಗ ಅರ್ಥವಾಗುತ್ತದೆ.

2005ರಲ್ಲಿ ಫಿಲ್ ಮತ್ತು ಕಾಯಾ ಫೋಗ್ಲಿಯೊ ದಂಪತಿ ‘ಗರ್ಲ್ ಜೀನಿಯಸ್’ ಎಂಬ ತಮ್ಮ ಅಚ್ಚಿನ ಕಾಮಿಕ್ಕನ್ನು ನಿಲ್ಲಿಸಿ, ಪೂರ್ತಿ ಕಥೆಯನ್ನು ಅಂತರ್ಜಾಲದಲ್ಲಿ ಬಿಟ್ಟಿಯಾಗಿ ಹಾಕಿದರು. ಪುಸ್ತಕದ ಮಾರಾಟ ಬಿದ್ದುಹೋಗಬೇಕಿತ್ತು. ಏರಿತು. ಓದಿ ಇಷ್ಟಪಟ್ಟವರು ಮನೆಯಲ್ಲಿ ಇರಲಿ ಎಂದು ಕೊಂಡರು. ಅದೇ ವರ್ಷ ಶುರುವಾದ ‘ಎಕ್ಸ್‌ಕೆಸಿಡಿ’ಯ ರ‍್ಯಾಂಡಲ್ ಮನ್ರೋ ಮೊದಲು ನಾಸಾದಲ್ಲಿ ರೋಬಾಟ್ ಕೆಲಸ ಮಾಡುತ್ತಿದ್ದವರು. ಅವರೂ ತಮ್ಮ ಚಿತ್ರಗಳನ್ನು ವ್ಯಾಪಾರಕ್ಕಲ್ಲದೆ ಯಾರು ಬೇಕಾದರೂ ಹಂಚಿಕೊಳ್ಳಲಿ ಎಂದು ಬಿಟ್ಟು, ಅಂಗಿ ಮಾರಿ ಹೊಟ್ಟೆ ಹೊರೆದರು.

ಹತ್ತು ಪೈಸೆಯ ಕನಸು

ಇದಕ್ಕೆ ಇನ್ನೊಂದು ದಾರಿಯೂ ಇತ್ತು. ಸ್ಕಾಟ್ ಮೆಕ್ಲೌಡ್ ಎಂಬ ಕಾಮಿಕ್ ಲೇಖಕರು 2000ದಲ್ಲಿ ಬರೆದ ‘ರೀಇನ್ವೆಂಟಿಂಗ್ ಕಾಮಿಕ್ಸ್’ ಪುಸ್ತಕದಲ್ಲಿ ಅದನ್ನು ಹೇಳಿದರು. ಓದುಗರು ಚಿಲ್ಲರೆ ಕಾಸನ್ನು ನೇರವಾಗಿ ಚಿತ್ರಕಾರನಿಗೆ ಕೊಡುವಂತಾದರೆ ಸಾಕು. ದಲ್ಲಾಳಿಯೂ ಬೇಡ, ಜಾಹೀರಾತೂ ಬೇಡ, ಅಂಗಿ ಮಾರುವುದೂ ಬೇಡ.

ಕನಸು ಚೆನ್ನಾಗಿತ್ತು, ಆದರೆ ಕಾಲ ಕೂಡಿಬಂದಿರಲಿಲ್ಲ. ಆಗ ಅಂತರ್ಜಾಲದಲ್ಲಿ ಹಣ ಕೊಡಲು ಕ್ರೆಡಿಟ್ ಕಾರ್ಡ್ ಬೇಕಿತ್ತು. ಪ್ರತಿ ಪಾವತಿಗೂ ಕಾರ್ಡಿನವರು ಹಿಡಿಯುವ ಶುಲ್ಕವೇ ಚಿಲ್ಲರೆ ಕಾಸಿಗಿಂತ ಹೆಚ್ಚು. ಇದನ್ನು ಸರಿಪಡಿಸಲು ‘ಬಿಟ್‌ಪಾಸ್’ ಎಂಬ ಕಂಪನಿ ಬಂತು. ಮೊದಲೇ ಸ್ವಲ್ಪ ಹಣ ತುಂಬಿಸಿಟ್ಟು, ಅದರಿಂದ ಚೂರುಚೂರೇ ಖರ್ಚು ಮಾಡುವ ವ್ಯವಸ್ಥೆ. 2003ರಲ್ಲಿ ಮೆಕ್ಲೌಡ್ ತಮ್ಮದೇ ಒಂದು ಕಥೆಯನ್ನು ಅದರಲ್ಲಿ 25 ಸೆಂಟಿಗೆ ಮಾರಿದರು. 2007ರ ಹೊತ್ತಿಗೆ ಕಂಪನಿ ಬಾಗಿಲು ಹಾಕಿತು.

ಅಡ್ಡಿ ತಂತ್ರಜ್ಞಾನದ್ದು ಮಾತ್ರ ಆಗಿರಲಿಲ್ಲ. ಮೊದಲು ಕಾಸು ಇಡು, ಆಮೇಲೆ ಓದು ಎಂದಾಗ ಓದುಗ ಗಿರಾಕಿಯಾಗುತ್ತಾನೆ, ಬೆಲೆ ನೋಡುತ್ತಾನೆ, ಪಕ್ಕದಲ್ಲೇ ಬಿಟ್ಟಿ ಸಿಗುವುದನ್ನು ಓದಲು ಹೋಗುತ್ತಾನೆ. ಮೊದಲು ಓದು, ಇಷ್ಟವಾದರೆ ಬೇಕಾದಷ್ಟು ಕೊಡು ಎಂದಾಗ ಅವನ ಮನಸ್ಸಿನಲ್ಲಿ ಋಣದ ಮಾತು ಬರುತ್ತದೆ. ವೆಬ್‌ಕಾಮಿಕ್ ಉಳಿದದ್ದು ಈ ಎರಡನೆಯ ದಾರಿಯಲ್ಲಿ.

ಬರ್ಲ್ಯೂ ಹೊತ್ತ ಋಣ

ಈಗ ರಿಚ್ ಬರ್ಲ್ಯೂ ಅವರ ಕಥೆಗೆ ಬರೋಣ. 2002ರಲ್ಲಿ ಅಮೆರಿಕದ ಒಂದು ದೊಡ್ಡ ಆಟದ ಕಂಪನಿ ಹೊಸ ಕಾಲ್ಪನಿಕ ಲೋಕವೊಂದನ್ನು ಹುಡುಕಲು ಸ್ಪರ್ಧೆ ಇಟ್ಟಿತ್ತು. ಬರ್ಲ್ಯೂ ಕೊನೆಯ ಮೂವರಲ್ಲಿ ಒಬ್ಬರಾದರು, ಗೆದ್ದವರು ಬೇರೆಯವರು. ಮರುವರ್ಷ ಅವರು ಆಟಗಳ ಬಗ್ಗೆ ಬರೆಯಲು ತಮ್ಮದೇ ವೆಬ್‌ಸೈಟ್ ಮಾಡಿದರು. ಬಂದವರಿಗೆ ನಗಲು ಏನಾದರೂ ಇರಲಿ ಎಂದು ಕಡ್ಡಿಗೊಂಬೆಗಳ ಕಥೆ ಹಾಕಿದರು. ಜನ ಲೇಖನ ಬಿಟ್ಟು ಗೊಂಬೆಗಳ ಹಿಂದೆ ಬಿದ್ದರು. ತಮಾಷೆಯಾಗಿ ಶುರುವಾದದ್ದು ವರ್ಷಗಳು ಹೋದಂತೆ ಹಲವು ನೂರು ಪುಟದ ಮಹಾಕಥೆಯಾಯಿತು.

ಪುಸ್ತಕಗಳನ್ನು ಅವರು ತಾವೇ ಅಚ್ಚು ಹಾಕಿಸಿ ಮಾರುತ್ತಿದ್ದರು. ಇಲ್ಲಿ ಸಣ್ಣ ಪ್ರಕಾಶಕರೆಲ್ಲರಿಗೂ ಗೊತ್ತಿರುವ ಕಷ್ಟವಿದೆ. ಹೊಸ ಪುಸ್ತಕ ಬಂದಾಗ ಹಳೆಯ ಓದುಗರೆಲ್ಲ ಒಟ್ಟಿಗೆ ಕೊಳ್ಳುತ್ತಾರೆ, ಅಚ್ಚಿನ ಖರ್ಚು ಹುಟ್ಟುತ್ತದೆ. ಪ್ರತಿಗಳು ಮುಗಿದ ಮೇಲೆ ಮರುಮುದ್ರಣಕ್ಕೆ ಮತ್ತೆ ಅಷ್ಟೇ ದೊಡ್ಡ ಮೊತ್ತ ಒಮ್ಮೆಲೇ ಹಾಕಬೇಕು. ಕೊಳ್ಳುವವರು ಮಾತ್ರ ಒಬ್ಬೊಬ್ಬರೇ ನಿಧಾನವಾಗಿ ಬರುತ್ತಾರೆ. ಹೀಗೆ ಮೂರನೆಯ ಸಂಪುಟ ‘ವಾರ್ ಅಂಡ್ ಎಕ್ಸ್‌ಪಿಸ್’ ಸಿಗದಂತಾಗಿತ್ತು. ನಡುವಿನ ಪುಸ್ತಕವೇ ಇಲ್ಲದಿದ್ದರೆ ಹೊಸ ಓದುಗ ಉಳಿದ ಸಂಪುಟಗಳನ್ನು ಯಾಕೆ ಕೊಂಡಾನು?

2009ರಲ್ಲಿ ಶುರುವಾಗಿದ್ದ ‘ಕಿಕ್‌ಸ್ಟಾರ್ಟರ್’ ಎಂಬ ತಾಣದಲ್ಲಿ ಅವರು ವಿಷಯ ಮಂಡಿಸಿದರು. ಅಲ್ಲಿನ ನಿಯಮ ಸರಳ. ಗುರಿ ಮುಟ್ಟಿದರೆ ಮಾತ್ರ ಹಣ ಕೈಗೆ, ಮುಟ್ಟದಿದ್ದರೆ ಯಾರ ಹಣವೂ ಕಡಿತವಾಗುವುದಿಲ್ಲ. ಗುರಿ ಬಲುಬೇಗ ದಾಟಿತು. ಬರ್ಲ್ಯೂ ಇನ್ನೊಂದು ಪುಸ್ತಕ ಸೇರಿಸಿದರು, ಅದೂ ದಾಟಿತು. ಹೀಗೇ ಒಂದೊಂದಾಗಿ ಸೇರಿಸುತ್ತಾ, ಪ್ರತಿ ಹಂತಕ್ಕೂ ಸುದ್ದಿ ಬರೆಯುತ್ತಾ, ಕೊಟ್ಟವರಿಗೆಂದು ಹೊಸ ಕಿರುಕಥೆಗಳ ಮಾತು ಕೊಡುತ್ತಾ ಹೋದರು. ಜನರಿಗೆ ಆ ಸುದ್ದಿಗಳೇ ಇನ್ನೊಂದು ಧಾರಾವಾಹಿಯಾಯಿತು. ಫೆಬ್ರುವರಿ 21ಕ್ಕೆ ಗಡುವು ಮುಗಿದಾಗ ಲೆಕ್ಕ 12 ಲಕ್ಷ ಡಾಲರ್ ದಾಟಿತ್ತು. ತಲೆಗೆ ಸರಾಸರಿ 84 ಡಾಲರ್.

ಇಲ್ಲಿಗೆ ನಿಲ್ಲಿಸಿದರೆ ಇದು ಗೆದ್ದವನ ಕಥೆ. ಆದರೆ 12 ಲಕ್ಷ ಡಾಲರ್ ಲಾಭವಾಗಿರಲಿಲ್ಲ, ಹೊರೆಯಾಗಿತ್ತು. ಸುಮಾರು 15,000 ಮನೆಗಳಿಗೆ ಪುಸ್ತಕ ಅಚ್ಚಾಗಬೇಕು, ಪೆಟ್ಟಿಗೆ ಕಟ್ಟಬೇಕು, ಅಂಚೆಗೆ ಹಾಕಬೇಕು. ಮಾತುಕೊಟ್ಟ ಹೊಸ ಕಥೆಗಳನ್ನು ಬರೆಯಬೇಕು. ಅದೆಲ್ಲದರ ನಡುವೆ ಬಿಟ್ಟಿ ಕಥೆಯೂ ನಿಲ್ಲಬಾರದು. ಬರೆಯುವ ಕೈ ಒಂದೇ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆ ಕೈಗೇ ತೀವ್ರ ಗಾಯವಾಯಿತು. ತಿಂಗಳುಗಟ್ಟಲೆ ಚಿತ್ರ ಬರೆಯಲು ಆಗಲಿಲ್ಲ. ಹಣ ಕೊಟ್ಟವರು ಕಾಯುತ್ತಿದ್ದಾರೆ, ಕಥೆ ನಿಂತಿದೆ, ಕೈಗೆ ಪಟ್ಟಿ. ಬರ್ಲ್ಯೂ ಓದುಗರಿಗೆ ಆಗಿದ್ದನ್ನು ಹೇಳಿದರು. ಗಾಯ ಎಂಥದ್ದು, ಏನು ತಡವಾಗುತ್ತದೆ, ಯಾವ ಕೆಲಸ ಬೇರೆಯವರಿಂದ ಆಗುತ್ತದೆ, ಯಾವುದಕ್ಕೆ ತಾವೇ ಬೇಕು ಎಂದು ತಿಳಿಸುತ್ತಾ ಬಂದರು. ಓದುಗರು ಕಾದರು. ಕೆಲವು ಕಿರುಕಥೆಗಳು ಬರಲು ವರ್ಷಗಳೇ ಹಿಡಿದವು. ಮುಖ್ಯ ಕಥೆ ಮತ್ತೆ ಶುರುವಾಗಿ, 20 ವರ್ಷ ದಾಟಿದ ಮೇಲೂ ನಡೆಯುತ್ತಿತ್ತು.

ಸುದ್ದಿ ನಿಂತಾಗ

ಎಲ್ಲರ ಕಥೆ ಹೀಗೆ ಆಗಲಿಲ್ಲ. ಅದೇ 2012ರಲ್ಲಿ ಇನ್ನೊಬ್ಬ ವೆಬ್‌ಕಾಮಿಕ್ ಕಲಾವಿದರು ಪುಸ್ತಕ ಮಾಡಲು ಇದೇ ತಾಣದಲ್ಲಿ 51,000 ಡಾಲರಿಗೂ ಹೆಚ್ಚು ಸಂಗ್ರಹಿಸಿದರು. ಬಹಳ ಜನರಿಗೆ ಪುಸ್ತಕ ತಲುಪಿತು, ಉಳಿದವರಿಗೆ ಕಳುಹಿಸಲು ಅಂಚೆ ವೆಚ್ಚಕ್ಕೆ ಹಣ ಸಾಲಲಿಲ್ಲ. ಎಲ್ಲಿ ನಮ್ಮ ಪುಸ್ತಕ ಎಂದು ಕೇಳುವ ಪತ್ರಗಳು ಬಂದವು. 2014ರಲ್ಲಿ ಅವರು 127 ಪುಸ್ತಕಗಳನ್ನು ಸುಟ್ಟು ಅದರ ವಿಡಿಯೊ ಹಾಕಿದರು. ಇನ್ನು ಮುಂದೆ ಕೇಳುವ ಪ್ರತಿ ಪತ್ರಕ್ಕೂ ಒಂದೊಂದು ಪುಸ್ತಕ ಸುಡುತ್ತೇನೆ ಎಂದರು.

ಅವರನ್ನು ಬೈಯುವುದು ಸುಲಭ. ನಮಗೆ ಅಲ್ಲಿ ಕಾಣುವುದು ಒಂಟಿಯಾಗಿ ದುಡಿದು ದಣಿದ ಮನುಷ್ಯ. ಸಿಂಡಿಕೇಟ್ ಅರ್ಧ ಹಣ ತಿನ್ನುತ್ತಿತ್ತು ನಿಜ, ಆದರೆ ಕಟ್ಟು ಕಟ್ಟುವುದು, ಅಂಚೆ ಲೆಕ್ಕ, ಕೋಪದ ಪತ್ರ ಇವನ್ನೆಲ್ಲ ಅದೇ ನೋಡಿಕೊಳ್ಳುತ್ತಿತ್ತು. ದಲ್ಲಾಳಿ ಹೋದ ಮೇಲೆ ಆ ಕೆಲಸವೆಲ್ಲ ಕಲಾವಿದರ ತಲೆ ಮೇಲೆ ಬಿತ್ತು. ರೈತರೇ ನೇರವಾಗಿ ಸಂತೆಯಲ್ಲಿ ಮಾರಿದರೆ ಲಾಭ ಹೆಚ್ಚು ಎನ್ನುವವರು ಬೆಳಗಿನ ಜಾವದ ಟೆಂಪೊ ಬಾಡಿಗೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಸುದ್ದಿ ಇಲ್ಲದ ಕಾಲವನ್ನು ಓದುಗರು ಇನ್ನೊಂದು ರೀತಿಯಲ್ಲೂ ಕಂಡರು. ‘ಹೈಪರ್ಬೊಲಿ ಅಂಡ್ ಅ ಹಾಫ್’ ಎಂಬ ನಗೆಬರಹದ ಚಿತ್ರಕಥೆ ಬರೆಯುತ್ತಿದ್ದ ಆ್ಯಲಿ ಬ್ರಾಶ್ 2011ರ ಅಕ್ಟೋಬರಿನಲ್ಲಿ ತಮ್ಮ ಖಿನ್ನತೆಯ ಬಗ್ಗೆ ಬರೆದು, ನಂತರ ಹೆಚ್ಚುಕಡಿಮೆ ಮೌನವಾದರು. ಓದುಗರು ಅವರಿಗೆ ಏನಾಯಿತೋ ಎಂದು ದಿಗಿಲುಪಟ್ಟರು. 2013ರ ಮೇ ತಿಂಗಳಲ್ಲಿ ಅವರು ಎರಡನೆಯ ಭಾಗದೊಂದಿಗೆ ಮರಳಿದರು. ಮನಸ್ಸು ಬತ್ತಿಹೋದಾಗ ಹೇಗಿರುತ್ತದೆ ಎಂದು ಆ ಒರಟು ಗೆರೆಗಳಲ್ಲಿ ಹೇಳಿದ್ದನ್ನು ಅಸಂಖ್ಯ ಜನ ಓದಿದರು. ಇದು ನನ್ನದೂ ಹೌದು ಎಂದವರು ಬಹಳ. ಅಲ್ಲಿ ಸುದ್ದಿ ಬೇರೆ, ಕಥೆ ಬೇರೆ ಆಗಿರಲಿಲ್ಲ.

ತಿಂಗಳ ಚಂದಾ

2013ರಲ್ಲಿ ಜ್ಯಾಕ್ ಕಾಂಟೆ ಎಂಬ ಸಂಗೀತಗಾರ ಮತ್ತು ಸ್ಯಾಮ್ ಯಾಮ್ ಸೇರಿ ‘ಪೇಟ್ರಿಯಾನ್’ ಎಂಬ ತಾಣ ಮಾಡಿದರು. ಕಾಂಟೆ ಅವರ ವಿಡಿಯೊಗಳನ್ನು ಲಕ್ಷಾಂತರ ಜನ ನೋಡುತ್ತಿದ್ದರು, ಕೈಗೆ ಬರುವ ಜಾಹೀರಾತು ಹಣ ಮಾತ್ರ ಚೂರು. ಒಮ್ಮೆಗೆ ದೊಡ್ಡ ಮೊತ್ತ ಎತ್ತುವ ಬದಲು, ಇಷ್ಟಪಟ್ಟವರು ತಿಂಗಳಿಗೆ ಒಂದೆರಡು ಡಾಲರ್ ಕೊಡಲಿ ಎಂಬುದು ಅವರ ಯೋಚನೆ. ವೆಬ್‌ಕಾಮಿಕ್ ಚಿತ್ರಕಾರರು ಬೇಗನೆ ಅತ್ತ ಹೋದರು. ಇದು ನಮ್ಮ ಹಳೆಯ ಪತ್ರಿಕೆಗಳ ಚಂದಾ ಅಲ್ಲದೆ ಬೇರೇನಲ್ಲ.

ಅತ್ತ ದಕ್ಷಿಣ ಕೊರಿಯಾದಲ್ಲಿ ಇನ್ನೊಂದು ಬೆಳವಣಿಗೆ ಆಗಿತ್ತು. 2003–04ರ ಹೊತ್ತಿಗೆ ಡೌಮ್, ನೇವರ್ ಎಂಬ ಅಲ್ಲಿನ ದೊಡ್ಡ ತಾಣಗಳು ಚಿತ್ರಕಥೆ ಹಾಕತೊಡಗಿದವು. ಪುಟ ತಿರುಗಿಸುವ ಬದಲು ಮೇಲಿನಿಂದ ಕೆಳಕ್ಕೆ ಸರಿಸುತ್ತಾ ಓದುವ ಕಥೆಗಳು. ಇದಕ್ಕೆ ವೆಬ್‌ಟೂನ್ ಎಂದು ಹೆಸರು. ಮೊಬೈಲ್ ಬಂದಾಗ ಇದು ಹೆಬ್ಬೆರಳಿಗೆ ಹೇಳಿ ಮಾಡಿಸಿದ ಹಾಗಿತ್ತು. ಆದರೆ ಇಲ್ಲಿ ಮತ್ತೆ ನಡುವೆ ದೊಡ್ಡ ಕಂಪನಿ ಬಂದು ಕೂತಿತು. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಬಂದ ಮೇಲೆ ಎಲ್ಲ ಕಡೆಯೂ ಅಷ್ಟೇ. ಚಿತ್ರಕಾರ ಬರೆದ ಸುದ್ದಿ ಯಾವ ಓದುಗನ ಕಣ್ಣಿಗೆ ಬೀಳಬೇಕು ಎಂದು ತೀರ್ಮಾನಿಸುವುದು ಈಗ ಆ್ಯಪ್. ಹಳೆಯ ದಲ್ಲಾಳಿ ಹೊಸ ಅಂಗಿ ತೊಟ್ಟು ಬಂದಿದ್ದಾನೆ.

ನಮ್ಮ ಕಡೆ

ಇದನ್ನೆಲ್ಲ ಅಮೆರಿಕದ ಕಥೆ ಎಂದು ತಳ್ಳಿಹಾಕಲು ನಮಗೆ ಮನಸ್ಸಿಲ್ಲ. ಓದುಗರ ಹತ್ತಿರ ನೇರವಾಗಿ ಹೋಗುವುದು ಕನ್ನಡಕ್ಕೆ ಹೊಸದಲ್ಲ. ಹಾವೇರಿ ಸೀಮೆಯ ಗಳಗನಾಥರು ಕಾದಂಬರಿ ಬರೆದು, ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಬರೆದವರೇ ಬಾಗಿಲಿಗೆ ಬಂದು ನಿಂತಾಗ ಓದುಗರಿಗೂ ಲೇಖಕರಿಗೂ ನಡುವೆ ಬೇರೆ ಯಾರೂ ಇರಲಿಲ್ಲ. 1942ರಲ್ಲಿ ರಾ.ಶಿ. ಶುರುಮಾಡಿದ ‘ಕೊರವಂಜಿ’ ನಗೆಪತ್ರಿಕೆ 25 ವರ್ಷ ನಡೆಯಿತು. ಮೈಸೂರಿನ ಹುಡುಗ ಆರ್.ಕೆ. ಲಕ್ಷ್ಮಣ್ ಕಾಲೇಜಿನಲ್ಲಿದ್ದಾಗ ಅದಕ್ಕೆ ಚಿತ್ರ ಬರೆದರು. ಅವರು ಆಮೇಲೆ ದೇಶಕ್ಕೇ ಗೊತ್ತಾದರು.

ಈಗ ನಮ್ಮಲ್ಲಿ ಮೆಕ್ಲೌಡ್ ಅವರ ಹತ್ತು ಪೈಸೆಯ ಕನಸು ನನಸಾಗಿ ಕೂತಿದೆ. 2016ರಲ್ಲಿ ಯುಪಿಐ ಬಂತು. ಅಮೆರಿಕದ ಕಂಪನಿಗಳು 2003ರಲ್ಲಿ ಮಾಡಲಾಗದೆ ಸೋತದ್ದನ್ನು ಇವತ್ತು ಬಸ್ ಸ್ಟ್ಯಾಂಡಿನ ಟೀ ಅಂಗಡಿಯವರು ದಿನಕ್ಕೆ ನೂರು ಸಲ ಮಾಡುತ್ತಾರೆ. ಹತ್ತು ರೂಪಾಯಿ ಕಳುಹಿಸಲು ಶುಲ್ಕವಿಲ್ಲ, ಕಾರ್ಡ್ ಬೇಕಿಲ್ಲ. ನಿಮ್ಮ ಊರಿನ ಹುಡುಗಿಯೊಬ್ಬಳು ನಿಮ್ಮ ಮಾತಿನಲ್ಲೇ ಮೊಬೈಲಿನಲ್ಲಿ ಚಿತ್ರಕಥೆ ಬರೆದರೆ, ಅವಳಿಗೆ ಹತ್ತು ರೂಪಾಯಿ ಮುಟ್ಟಿಸಲು ನಡುವೆ ಯಾವ ಅಡ್ಡಿಯೂ ಇಲ್ಲ.

ಇಲ್ಲದಿರುವುದು ರೂಢಿ. ಬಿಟ್ಟಿ ಸಿಕ್ಕಿದ್ದಕ್ಕೂ ಒಂದು ಋಣ ಇದೆ ಎಂದು ಓದುಗರು ನೆನೆಯುವ ರೂಢಿ. ಬಂದ ಹಣಕ್ಕೆ, ಕಾದ ಸಮಯಕ್ಕೆ ಬರೆಯುವವರು ಲೆಕ್ಕ ಒಪ್ಪಿಸುವ ರೂಢಿ. ಎರಡನೆಯದು ಮೊದಲು ಬರಬೇಕು ಅನ್ನುವುದು ಈ ಇತಿಹಾಸ ಓದಿದ ಮೇಲೆ ನಮಗೆ ಬಂದ ತಿಳಿವಳಿಕೆ. ಬರ್ಲ್ಯೂ ಓದುಗರು ಹಣ ಕೊಟ್ಟದ್ದು 2012ರಲ್ಲಿ, ಆದರೆ ಅದಕ್ಕೂ ಮುಂಚೆ ಎಂಟು ವರ್ಷಕ್ಕೂ ಹೆಚ್ಚು ಕಾಲ ಅವರು ಕಥೆ ಬಿಡದೆ ಬಡಿಸಿದ್ದರು. ಗಾಯವಾದಾಗ ಕಾದದ್ದು ಅವರು ಆಗಿದ್ದನ್ನು ಹೇಳಿದ್ದರಿಂದ.

ಹಳ್ಳಿಯ ಸುದ್ದಿ ಬರೆಯುವ ನಮಗೂ ಇದು ಅನ್ವಯಿಸುತ್ತದೆ. ಯಾಕೆ ತಡವಾಯಿತು, ಯಾವ ಕೆಲಸ ಉಳಿದಿದೆ, ಯಾರಿಂದ ಸಹಾಯ ಬಂತು ಎಂಬುದನ್ನು ಬರಹದ ಕೆಳಗೆ ನಾಲ್ಕು ಸಾಲಿನಲ್ಲಿ ಬರೆಯುವುದು ಬರಹದಷ್ಟೇ ಮುಖ್ಯ ಕೆಲಸ.

ನಿಮ್ಮ ಊರಿನಲ್ಲಿ, ಸುತ್ತಮುತ್ತ ಚಿತ್ರ ಬರೆಯುವವರು, ಲಾವಣಿ ಕಟ್ಟುವವರು, ಫೋನಿನಲ್ಲಿ ಕಥೆ ಹೇಳುವವರು ಇದ್ದರೆ ನಮಗೆ ತಿಳಿಸಿ. ಅವರಿಗೊಂದು ಮಾತನ್ನೂ ಹೇಳಿ, ನಿಮ್ಮ ಕಥೆ ಓದಿದೆವು ಎಂದು. ಮುಯ್ಯಿ ಯಾವಾಗಲೂ ದುಡ್ಡಿನಲ್ಲೇ ಇರಬೇಕೆಂದಿಲ್ಲ.